ಹೊಗೆಸೊಪ್ಪಿನ ಹಂಡೆಗೆ ಬೆಂಕಿ ಹಾಕುವ ಮುಂಚೆ

ಮಗಾ, ಟೊಮೆಟೊಗೆ ಬಿಳಿನೊಣ ಬಿದ್ದಿದೆ, ಈ ಸಲ ಅಂಗಡಿ ಔಷಧಿ ಮುಟ್ಟಲ್ಲ, ಮನೆಯಲ್ಲೇ ಹೊಗೆಸೊಪ್ಪು ಕುದಿಸಿ ಹೊಡೀತೀನಿ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತಿನಿಂದ ನನಗೆ ಅದೇ ಯೋಚನೆ. ಬೆಂಗಳೂರಿನ ಕೆಲಸ ಬಿಟ್ಟು ತಿ. ನರಸೀಪುರದ ಜಮೀನಿಗೆ ವಾಪಸು ಬಂದೆ, ಸಂತೋಷ. ವಿಷ ಹಾಕದೆ ಬೆಳೀಬೇಕು ಅಂತೀಯ, ಅದಕ್ಕೂ ಸಂತೋಷ. ಆದರೆ ವಿಷ ಬೇಡವೆಂದು ನೀನು ಒಲೆಯ ಮೇಲೆ ಇಡಹೊರಟಿರುವುದು ಅಂಗಡಿಯ ಎಷ್ಟೋ ಡಬ್ಬಗಳಿಗಿಂತ ಮನುಷ್ಯನಿಗೆ ಕೆಟ್ಟ ವಿಷ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ 'ಆಯ್ತು ದೊಡ್ಡಪ್ಪ' ಅಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೃಷಿ ಇಲಾಖೆಯ ಕೆಲಸದಲ್ಲಿ ಹಳ್ಳಿ ಸುತ್ತಿ ತಲೆ ನರೆಸಿಕೊಂಡವನ ಮಾತು ಅಂತಾದರೂ ಪೂರ್ತಿ ಓದು.

ಹೊಗೆಸೊಪ್ಪಿನ ಬಗ್ಗೆ ನಮ್ಮ ಕಡೆ ಯಾರಿಗೂ ಭಯವಿಲ್ಲ. ನಂಜನಗೂಡು ಸೀಮೆಯ ಯಾವ ಜಗುಲಿಗೆ ಹೋದರೂ ಎಲೆಚೀಲ ಬಿಚ್ಚಿ ಕೂತ ಅಜ್ಜಿಯರು ಸಿಗುತ್ತಾರೆ. ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಚೂರಿಟ್ಟು, ಮೇಲೆ ಒಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕಿ ದವಡೆಗೆ ಒತ್ತಿಕೊಂಡರೆ ಸಂಜೆತನಕ ಕಳೆ ಕೀಳುವ ಹುಮ್ಮಸ್ಸು ಅವರಿಗೆ. ನಿಮ್ಮಜ್ಜಿಯೂ ಹಾಗೇ ಇದ್ದಳು. 'ಅಜ್ಜಿ ದಿನಾ ಅಗಿದು ಬದುಕಿದ್ದಳಲ್ಲ, ಅದನ್ನೇ ನೀರಿಗೆ ಹಾಕಿದರೆ ಏನಾಗುತ್ತೆ?' ಅಂತ ನೀನು ಕೇಳಿಯೇ ಕೇಳುತ್ತೀಯ. ಬಾಯಿ ಕ್ಯಾನ್ಸರಿನ ಕಥೆಗೆ ಇಲ್ಲಿ ಕೈ ಹಾಕುವುದಿಲ್ಲ, ಅದಕ್ಕೆ ಬೇರೆಯೇ ಕಾಗದ ಬೇಕು. ಅಜ್ಜಿಯದು ವರ್ಷಗಟ್ಟಲೆ ಪಳಗಿದ ಬಾಯಿ, ಚಿಟಿಕೆಯ ಲೆಕ್ಕ. ಅದೇ ಚಿಟಿಕೆಯನ್ನು ಹುಡುಗನಾಗಿದ್ದಾಗ ಕದ್ದು ಬಾಯಿಗಿಟ್ಟು, ಬೆವತು, ಬಿಕ್ಕಿ, ವಾಂತಿ ಮಾಡಿಕೊಂಡು ಹುಲ್ಲುಮೆದೆಯ ಹಿಂದೆ ಬಿದ್ದುಕೊಂಡವರು ನಮ್ಮ ಊರಿನಲ್ಲಿ ಮನೆಗೊಬ್ಬರಿದ್ದಾರೆ. ಅದು ತಮಾಷೆಯಲ್ಲ, ವಿಷವೇರಿದ ಮೊದಲ ಲಕ್ಷಣ. ಪಳಗಿದವರ ನೆಮ್ಮದಿ ನೋಡಿ ಪಳಗದವರ ಮೈಗೆ ಅಂದಾಜು ಕಟ್ಟಿದ್ದೇವೆ.

ಲೆಕ್ಕ ನೋಡು. ನಮ್ಮ ಹುಣಸೂರು, ಪಿರಿಯಾಪಟ್ಟಣದಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕಿನ ಒಣ ಎಲೆಯಲ್ಲಿ ನೂರಕ್ಕೆ ಎರಡರ ಆಸುಪಾಸು ನಿಕೋಟಿನ್ ಇರುತ್ತದೆ. ಅಗಿಯುವ ನಾಟಿ ಸೊಪ್ಪಿನಲ್ಲಿ ಇನ್ನೂ ಜಾಸ್ತಿ ಇರಬಹುದು. ಎರಡೇ ಅಂತ ಇಟ್ಟುಕೊಂಡರೂ ಒಂದು ಕಿಲೋ ಸೊಪ್ಪಿನಲ್ಲಿ 20 ಗ್ರಾಂ. ದೊಡ್ಡವರನ್ನು ಕೊಲ್ಲಲು 60 ಮಿಲಿಗ್ರಾಂ ಸಾಕೆಂದು ಹಳೆಯ ಪುಸ್ತಕಗಳೆಲ್ಲ ಒಂದನ್ನೊಂದು ನೋಡಿ ಬರೆದುಕೊಂಡು ಬಂದಿದ್ದವು. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಬರ್ನ್‌ಡ್ ಮೇಯರ್ 2014ರಲ್ಲಿ ಅದರ ಬೇರು ಹುಡುಕಿಕೊಂಡು ಹೋದರು. ಹತ್ತೊಂಬತ್ತನೇ ಶತಮಾನದಲ್ಲಿ ಯಾರೋ ತಮ್ಮ ಮೇಲೆಯೇ ಮಾಡಿಕೊಂಡ ಪ್ರಯೋಗದ ತನಕ ಹೋಗಿ, 60 ತೀರಾ ಕಡಿಮೆ, ಅರ್ಧದಿಂದ ಒಂದು ಗ್ರಾಂ ಅನ್ನುವುದೇ ಸತ್ಯಕ್ಕೆ ಹತ್ತಿರ ಎಂದರು. ಭಯ ಹುಟ್ಟಿಸಲು ಹಳೆಯ ಅಂಕಿ ಹೇಳುವುದು ನನಗೆ ಬೇಡ. ಹೊಸ ಅಂಕಿಯನ್ನೇ ಹಿಡಿ. 20 ಗ್ರಾಂ ಅಂದರೆ ಇಪ್ಪತ್ತರಿಂದ ನಲವತ್ತು ಜನಕ್ಕೆ ಸಾಲುವಷ್ಟು. ಕಿಲೋ ಸೊಪ್ಪನ್ನು ಹತ್ತು ಲೀಟರಿಗೆ ಹಾಕಿ ಅದರಲ್ಲಿದ್ದದ್ದೆಲ್ಲ ಇಳಿದರೆ ಒಂದು ಲೋಟದಲ್ಲಿ ಸುಮಾರು 400 ಮಿಲಿಗ್ರಾಂ. ನೋಡಲು ಕಾಫಿ ಡಿಕಾಕ್ಷನ್ ಬಣ್ಣ. ನಿನ್ನ ಮಗಳಿಗೆ ಇನ್ನೂ ಮೂರು ವರ್ಷ, ಹನ್ನೆರಡು ಹದಿಮೂರು ಕಿಲೋ ತೂಕ. ಅವಳ ಲೆಕ್ಕಕ್ಕೆ ಲೋಟ ಬೇಕಿಲ್ಲ.

ಈ ಕುದಿಸಾಟ ಹೊಸದಲ್ಲ. 1850ರಲ್ಲಿ ಬೆಲ್ಜಿಯಂನಲ್ಲಿ ಬೊಕಾರ್ಮೆ ಎಂಬ ಜಮೀನ್ದಾರ ತನ್ನ ಕೋಟೆಯ ಮನೆಯಲ್ಲೇ ತಂಬಾಕಿನಿಂದ ನಿಕೋಟಿನ್ ಇಳಿಸಿದ. ಆಳುಗಳಿಗೆ ಸುಗಂಧದ ನೀರು ತಯಾರಿಸುತ್ತಿದ್ದೇನೆ ಅಂತ ಹೇಳಿದ್ದ. ಆಸ್ತಿಗಾಗಿ ಹೆಂಡತಿಯ ಒಡಹುಟ್ಟಿದವನಿಗೆ ಅದನ್ನೇ ಕುಡಿಸಿ ಕೊಂದ. ಸಸ್ಯದ ವಿಷ ಹೆಣದಲ್ಲಿ ಸಿಗುವುದೇ ಇಲ್ಲ ಅನ್ನುವ ನಂಬಿಕೆಯ ಕಾಲ ಅದು. ಝಾಂ ಸ್ಟಾಸ್ ಎಂಬ ರಸಾಯನಶಾಸ್ತ್ರಜ್ಞ ದೇಹದಿಂದ ನಿಕೋಟಿನ್ ಬೇರ್ಪಡಿಸಿ ತೋರಿಸಿದ. ಬೊಕಾರ್ಮೆಯ ತಲೆ 1851ರಲ್ಲಿ ಹೋಯಿತು. ಇವತ್ತಿನ ವಿಷ ಪತ್ತೆಯ ವಿದ್ಯೆ ಆ ದಾರಿಯನ್ನೇ ಹಿಡಿದು ಬೆಳೆದದ್ದು. ನಿನಗೂ ಅವನಿಗೂ ಉದ್ದೇಶದಲ್ಲಿ ಅಜಗಜಾಂತರ, ಒಪ್ಪಿದೆ. ಹಂಡೆಯೊಳಗಿನ ಸರಕಿಗೆ ಉದ್ದೇಶ ಗೊತ್ತಿರುವುದಿಲ್ಲ.

ನಿನಗೆ ಹೇಳಲೇಬೇಕಾದದ್ದು ಸುಣ್ಣದ ಗುಟ್ಟು. ಎಲೆಅಡಿಕೆಗೆ ಸುಣ್ಣ ಯಾಕೆ ಅಂತ ಕೇಳಿದರೆ ಅಜ್ಜಿ 'ಕೆಂಪಾಗಕ್ಕೆ' ಅನ್ನುತ್ತಿದ್ದಳು. ಕೆಂಪಾಗುವುದು ನಿಜ, ಅದರ ಜೊತೆ ಇನ್ನೊಂದು ಕೆಲಸವೂ ಒಳಗೇ ನಡೆಯುತ್ತದೆ. ಎಲೆಯಲ್ಲಿರುವಾಗ ನಿಕೋಟಿನ್ ಹುಳಿಯ ಅಂಶಗಳಿಗೆ ಕಟ್ಟುಬಿದ್ದಿರುತ್ತದೆ. ಸುಣ್ಣದಂಥ ಕ್ಷಾರ ತಾಗಿದರೆ ಆ ಕಟ್ಟು ಬಿಚ್ಚುತ್ತದೆ. ಬಿಡಿಯಾದ ನಿಕೋಟಿನ್ ಬಾಯೊಳಗಿನ ತೆಳು ಪೊರೆಯನ್ನೂ ಮೈ ಚರ್ಮವನ್ನೂ ಸಲೀಸಾಗಿ ದಾಟಿ ರಕ್ತಕ್ಕೆ ಸೇರುತ್ತದೆ. ಈಗ ನಿನ್ನ ಕಷಾಯಕ್ಕೆ ಬಾ. ಎಲೆಗೆ ಅಂಟಲಿ ಅಂತ ಸೋಪು ಹಾಕುತ್ತಾರೆ, ಸೋಪು ಕ್ಷಾರ. ಗಂಜಲ ಹಾಕುತ್ತಾರೆ, ಹಳೆಯ ಗಂಜಲದಲ್ಲಿ ಅಮೋನಿಯಾ, ಅದೂ ಕ್ಷಾರ. ಕೆಲವರು ಸುಣ್ಣದ ತಿಳಿಯನ್ನೇ ಸುರಿಯುತ್ತಾರೆ. ಹುಳಕ್ಕೆ ಚುರುಕಾಗಲೆಂದು ಹಾಕಿದ್ದು ಮೊದಲು ಚುರುಕಾಗುವುದು ಕಲಸುವವನ ಕೈಗೆ. ಮೇಲೆ ಕುದಿತ ಬೇರೆ. ನಿಕೋಟಿನ್ ನೀರಿಗಿಂತ ತುಂಬಾ ಹೆಚ್ಚಿನ ಶಾಖಕ್ಕೆ ಕುದಿಯುವ ವಸ್ತುವಾದರೂ ಹಬೆಯ ಬೆನ್ನೇರಿ ಮೇಲೆ ಬರುತ್ತದೆ. ಹಿತ್ತಲ ಮೂಲೆಯ ಬಚ್ಚಲೊಲೆಯಲ್ಲಿ, ಶೀಟಿನ ಕೆಳಗೆ, ಬಗ್ಗಿ ಕೋಲಾಡಿಸುವವರ ಮೂಗಿಗೆ ಅದೇ ಹಬೆ. ಆ ಬಗ್ಗುವವರು ಯಾರು ಅಂತ ಯೋಚಿಸು. ನೀನು ಹೊಲದಲ್ಲಿರುತ್ತೀಯ, ಒಲೆಯ ಮುಂದೆ ನನ್ನ ಸೊಸೆ ಇರುತ್ತಾಳೆ. ಹಂಡೆ ಉಜ್ಜುವವಳೂ ಅವಳೇ, ಮಾರನೇ ದಿನ ಅದೇ ಹಂಡೆಯಲ್ಲಿ ಮಗುವಿಗೆ ಸ್ನಾನದ ನೀರು ಕಾಯಿಸುವವಳೂ ಅವಳೇ.

ಚರ್ಮದ ದಾರಿ ಎಷ್ಟು ಸುಲಭ ಅನ್ನುವುದಕ್ಕೆ 1933ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪ್ರಕರಣ ಸಾಕು. ಹೂವಿನ ವ್ಯಾಪಾರಿಯೊಬ್ಬ ಕುರ್ಚಿಯ ಮೇಲೆ ಕೂತ. ಆ ಕುರ್ಚಿಯ ಮೇಲೆ ಕೀಟನಾಶಕದ ನಿಕೋಟಿನ್ ದ್ರಾವಣ ಚೆಲ್ಲಿತ್ತು. ಕಾಲು ಗಂಟೆಯೊಳಗೆ ವಾಕರಿಕೆ, ತಲೆಸುತ್ತು, ಬೆವರು, ಉಸಿರಿನ ಕಷ್ಟ. ಆಸ್ಪತ್ರೆಯಲ್ಲಿ ಚೇತರಿಸಿಕೊಂಡ. ಮನೆಗೆ ಹೊರಡುವ ದಿನ, ಬಿಚ್ಚಿಟ್ಟಿದ್ದ ಅದೇ ಬಟ್ಟೆ ಕಟ್ಟಿಕೊಟ್ಟರು. ಹಾಕಿಕೊಂಡ, ಮತ್ತೆ ಹಾಗೇ ಬಿದ್ದ. ನಮ್ಮಲ್ಲಿ ಬೆನ್ನಿನ ಪಂಪಿನ ಮುಚ್ಚಳ ಸೋರದ ಮನೆ ಯಾವುದಿದೆ ಹೇಳು. ಸೋರಿದ ಔಷಧಿ ಬನಿಯನ್ನಿಗೆ ಇಳಿದು, ಬೆವರಿನ ಜೊತೆ ಸೇರಿ, ಪಂಚೆಯ ಸೊಂಟದ ತನಕ ಒದ್ದೆಯಾದರೂ 'ತಂಪಾಗೈತೆ' ಅಂತ ಸಾಲು ಮುಗಿಸುವ ಜಾತಿ ನಮ್ಮದು.

ಚರ್ಮದಿಂದ ಇಳಿಯುವ ಈ ವಿಷವೇ ಹುಣಸೂರು ಕಡೆಯ ತಂಬಾಕು ಹೊಲಗಳಲ್ಲಿ ಬೇರೆ ಮುಖ ತೋರಿಸುತ್ತದೆ. ಎಲೆ ಮುರಿಯುವ ಕೆಲಸ ಮಳೆಗಾಲದ್ದು. ಬೆಳಗಿನ ಹೊತ್ತು ಇಬ್ಬನಿಯೋ ಜಡಿಮಳೆಯೋ ಎಲೆಯ ಮೇಲೆ ನಿಂತಿರುತ್ತದೆ, ಎಲೆಯ ನಿಕೋಟಿನ್ ಆ ನೀರಿಗೆ ಬಂದಿರುತ್ತದೆ. ಮುರಿದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಎಲೆ ಹದ ಮಾಡುವ ಬ್ಯಾರನ್ನಿನ ತನಕ ಹೊರುವವರ ರವಿಕೆ, ಸೀರೆಯ ಮಗ್ಗುಲು ತೊಯ್ದು ಮೈಗೆ ಅಂಟುತ್ತದೆ. ಕೆಲವು ಗಂಟೆ ಕಳೆದು, ಎಷ್ಟೋ ಸಲ ರಾತ್ರಿ ಮನೆಗೆ ಬಂದ ಮೇಲೆ, ತಲೆ ಸುತ್ತು, ವಾಂತಿ, ಸುಸ್ತು, ನಿದ್ದೆಯಿಲ್ಲ. ಪಿತ್ತ ಕೆರಳಿತು ಅನ್ನುತ್ತಾರೆ, ದೃಷ್ಟಿ ಅನ್ನುತ್ತಾರೆ. ಬೆಳಗಿನ ಎಲೆಗೂ ರಾತ್ರಿಯ ವಾಂತಿಗೂ ಗಂಟು ಹಾಕುವವರಿಲ್ಲ. 1970ರಲ್ಲಿ ಅಮೆರಿಕದ ಫ್ಲಾರಿಡಾದ ತಂಬಾಕು ಕೂಲಿಗಳಲ್ಲಿ ವೈದ್ಯರು ಇದನ್ನು ಗುರುತಿಸಿ ಬರೆದರು. ಹಸಿರು ತಂಬಾಕು ಕಾಯಿಲೆ ಎಂಬ ಹೆಸರು ನಿಂತಿತು. ನಮ್ಮ ಊರಿಂದ ಆ ಕಡೆಗೆ ಕೂಲಿಗೆ ಹೋಗುವ ಹುಡುಗ ಹುಡುಗಿಯರಿಗೆ ಇದನ್ನು ಓದಿ ಹೇಳು: ಎಲೆ ಒದ್ದೆಯಿರುವಾಗ ಮೈಮೇಲೆ ಪ್ಲಾಸ್ಟಿಕ್ ಹಾಳೆಯನ್ನಾದರೂ ಸುತ್ತಿಕೊಳ್ಳಿ, ತೋಳು ಮುಚ್ಚಿ, ತೊಯ್ದ ಬಟ್ಟೆ ಅಲ್ಲೇ ಬದಲಿಸಿ, ಕೈಕಾಲು ತೊಳೆಯದೆ ಬುತ್ತಿ ಬಿಚ್ಚಬೇಡಿ. ಬಸುರಿಯರು, ಮಕ್ಕಳು ಆ ಹೊಲಕ್ಕೆ ಇಳಿಯುವುದೇ ಬೇಡ.

ಇನ್ನು ನಿನ್ನ ಮನೆಯ ಸಂಗತಿ. ಟೊಮೆಟೊ ಪಕ್ಕದ ತಾಕಿನಲ್ಲೇ ಹಿಪ್ಪುನೇರಳೆ ಇದೆ, ಹುಳುಮನೆ ಇದೆ. ನರಸೀಪುರ ಸೀಮೆಯ ರೇಷ್ಮೆ ಅಂದರೆ ಸಣ್ಣದಲ್ಲ, ಮೈಸೂರು ಸಿಲ್ಕಿನ ಸೀರೆಗೆ ನೂಲು ತೆಗೆಯುವ ಕೆ.ಎಸ್.ಐ.ಸಿ.ಯ ಕಾರ್ಖಾನೆ ನಿಮ್ಮ ಊರಲ್ಲೇ ಇದೆ. ರೇಷ್ಮೆಹುಳಕ್ಕೆ ಹೊಗೆಸೊಪ್ಪಿನಷ್ಟು ದೊಡ್ಡ ಶತ್ರು ಕಡಿಮೆ. ತಂಬಾಕು ಹೊಲದ ಗಾಳಿ ಬೀಸುವ ಕಡೆ ಹಿಪ್ಪುನೇರಳೆ ಬೆಳೆಯಬೇಡಿ ಅಂತ ಹೇಳುವುದೇ ಅದಕ್ಕೆ. ಸಿಂಪಡಿಸಿದ ಕಷಾಯದ ತುಂತುರು ನಾಲ್ಕು ಸಾಲು ಆಚೆ ತೇಲಿ ಹೋಗಿ ಸೊಪ್ಪಿನ ಮೇಲೆ ಕೂತರೂ ಸಾಕು. ಆ ಸೊಪ್ಪು ತಿಂದ ಹುಳು ಮೇವು ಬಿಡುತ್ತದೆ. ಎದೆಭಾಗ ಊದಿಕೊಂಡು, ತಲೆ ಮೇಲೆತ್ತಿ ಹಿಂದಕ್ಕೆ ಬಾಗಿಸಿ, ಅಲುಗಾಡದೆ ನಿಲ್ಲುತ್ತದೆ. ಬಾಯಿಂದ ಕಂದು ರಸ ಕಕ್ಕುತ್ತದೆ. ಪೊರೆ ಕಳಚಲು ಜ್ವರಕ್ಕೆ ಕೂತ ಹುಳವೂ ತಲೆಯೆತ್ತಿಯೇ ಇರುತ್ತದೆ, ಹೊಸಬರು ಹಾಗೆಂದು ತಿಳಿದು ಸುಮ್ಮನಾಗುತ್ತಾರೆ. ಕಕ್ಕಿದ ರಸ ಕಂಡರೆ ಜ್ವರವಲ್ಲ. ಮೇವು ತೆಗೆದು, ಕಿಟಕಿ ತೆರೆದು, ಬೇರೆ ತಾಕಿನ ಒಳ್ಳೆಯ ಸೊಪ್ಪು ಕೊಟ್ಟರೆ ಸ್ವಲ್ಪವೇ ವಿಷ ತಾಗಿದ ಹುಳು ಎದ್ದುಕೊಳ್ಳುವುದುಂಟು. ನಾಲ್ಕನೇ ಜ್ವರ ಎದ್ದು ಮೇವು ಸುರಿದಷ್ಟೂ ಸಾಲದ ಹೊತ್ತಿನಲ್ಲಿ ಹೀಗಾದರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡಲು ಏನೂ ಉಳಿಯುವುದಿಲ್ಲ. ಹುಳುಮನೆಗೆ ಬರುವ ಕೂಲಿಯವರು ಕಡ್ಡಿಪುಡಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಸೊಪ್ಪು ಮುಟ್ಟಲಿ, ಇದನ್ನು ಹೇಳಲು ಸಂಕೋಚ ಪಡಬೇಡ. ಹಿರಿಯರಿಗೆ ಹೇಗೆ ಹೇಳುವುದು ಅಂತಿದ್ದರೆ ನನ್ನ ಹೆಸರು ಹೇಳು, ದೊಡ್ಡಪ್ಪ ಹೇಳಿದರು ಅಂತ.

ಹಿಪ್ಪುನೇರಳೆಗೆ ತುಕ್ರ ಬಂದರೂ ಹೊಗೆಸೊಪ್ಪಿನ ಕಡೆ ನೋಡಬೇಡ. ಮುದುಡಿದ ಕುಡಿಗಳನ್ನು ಚಿವುಟಿ ಸುಡು. ತುಕ್ರ ತರುವ ಹಿಟ್ಟುತಿಗಣೆಯನ್ನು ತಿನ್ನುವ ಗುಲಗಂಜಿ ಹುಳ ಬಿಡುವ ಪದ್ಧತಿಯನ್ನು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರು ಹೇಳಿಕೊಡುತ್ತಾರೆ.

'ನೈಸರ್ಗಿಕ ಕೃಷಿಯ ಪಾಳೇಕರ್ ಅವರೇ ಅಗ್ನಿಅಸ್ತ್ರದ ಕಷಾಯಕ್ಕೆ ಹೊಗೆಸೊಪ್ಪು ಹೇಳಿದ್ದಾರಲ್ಲ' ಅಂದೆ ನೀನು. ಹೌದು, ಬೇವು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಹೊಗೆಸೊಪ್ಪೂ ಅದರಲ್ಲಿದೆ. ಜೀವಾಮೃತ, ಹೊದಿಕೆ, ನಾಟಿ ಹಸುವಿನ ಬಗ್ಗೆ ನನ್ನ ತಕರಾರಿಲ್ಲ. ಆ ಪದ್ಧತಿಯಿಂದ ಸಾಲ ತಗ್ಗಿಸಿಕೊಂಡವರನ್ನು ಕಂಡಿದ್ದೇನೆ. ಅದೇ ಪದ್ಧತಿಯ ನೀಮಾಸ್ತ್ರ, ಬ್ರಹ್ಮಾಸ್ತ್ರಗಳಿಗೆ ಹೊಗೆಸೊಪ್ಪು ಬೇಕಿಲ್ಲ, ಅವನ್ನು ಮಾಡಿಕೋ. ಕಾರ್ಖಾನೆಯಲ್ಲಿ ತಯಾರಾದ ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕದ ಬಳಕೆಯನ್ನು ನಮ್ಮ ದೇಶ 1992ರಲ್ಲೇ ನಿಷೇಧಿಸಿದೆ, ರಫ್ತಿಗೆ ಮಾತ್ರ ತಯಾರಿಸಬಹುದು. ಅಳತೆ ಗೊತ್ತಿದ್ದ, ಚೀಟಿ ಅಂಟಿಸಿದ್ದ ಡಬ್ಬವೇ ಬೇಡವೆಂದು ಸರ್ಕಾರ ಕೈಬಿಟ್ಟ ಮೇಲೆ, ಅಳತೆಯೂ ಇಲ್ಲದ ಚೀಟಿಯೂ ಇಲ್ಲದ ಅದೇ ವಸ್ತುವನ್ನು ನಾವು ಹಿತ್ತಲಲ್ಲಿ ಕಾಯಿಸುವುದು ಯಾವ ನ್ಯಾಯ? ಹಸುವಿನ ಗಂಜಲದಲ್ಲಿ ಕುದಿಸಿದ ಮಾತ್ರಕ್ಕೆ ಅದು ಪ್ರಸಾದವಾಗುವುದಿಲ್ಲ.

ಇನ್ನೊಂದು ಹೋಲಿಕೆ ನಿನಗೆ ಇಷ್ಟವಾಗಲಿಕ್ಕಿಲ್ಲ, ಆದರೂ ಕೇಳು. ನೀನು ಬೈಯುವ ಅಂಗಡಿ ಔಷಧಿ ಇಮಿಡಾಕ್ಲೋಪ್ರಿಡ್ ಇದೆಯಲ್ಲ, ಅದು ನಿಕೋಟಿನ್ನಿನ ವಂಶದ್ದೇ. ಕೀಟದ ನರಕ್ಕೆ ಹೆಚ್ಚು, ನಮ್ಮ ನರಕ್ಕೆ ಕಡಿಮೆ ತಟ್ಟುವಂತೆ ಮಾಡಿದ್ದು. ಇಲಿಗೆ ತಿನ್ನಿಸಿ ನೋಡಿದ ಪರೀಕ್ಷೆಗಳಲ್ಲಿ ಅರ್ಧದಷ್ಟು ಇಲಿ ಸಾಯಲು ಕಿಲೋ ತೂಕಕ್ಕೆ ನಿಕೋಟಿನ್ ಸುಮಾರು 50 ಮಿಲಿಗ್ರಾಂ ಸಾಕು, ಇಮಿಡಾಕ್ಲೋಪ್ರಿಡ್ ಸುಮಾರು 450 ಬೇಕು. ಜೇನ್ನೊಣಕ್ಕೆ ಅದು ಮಾರಿ, ರೇಷ್ಮೆಹುಳಕ್ಕೂ ಮಾರಿಯೇ. ಅದನ್ನು ಹೊಡಿ ಅಂತ ಹೇಳುತ್ತಿಲ್ಲ. ಅದನ್ನು ಬಿಟ್ಟು ಹೊಗೆಸೊಪ್ಪು ಹಿಡಿಯುವುದು ಮೇಲಕ್ಕೆ ಹತ್ತಿದಂತೆ ಅಂತ ಮಾತ್ರ ತಿಳಿಯಬೇಡ.

ಟೊಮೆಟೊಗೂ ಹೊಗೆಸೊಪ್ಪಿನಿಂದ ಕೇಡಿದೆ. ಅದರಲ್ಲಿ ಮೊಸಾಯಿಕ್ ರೋಗದ ನಂಜು ಕೂತಿರಬಹುದು, ಒಣಗಿದರೂ ವರ್ಷಗಟ್ಟಲೆ ಸಾಯುವುದಿಲ್ಲ. ಕುದಿಸದೆ ನೆನೆಹಾಕಿದ ನೀರು ಹೊಡೆದರೆ ಟೊಮೆಟೊ, ಮೆಣಸಿನ ಗಿಡಕ್ಕೆ ನಿನ್ನ ಕೈಯಾರೆ ರೋಗ ಅಂಟಿಸಿದ ಹಾಗೆ.

ಮನೆಮದ್ದಿನ ಹೆಸರಲ್ಲಿ ನಡೆಯುವುದನ್ನೂ ನಿಲ್ಲಿಸು. ಹೇನಿಗೆ ಮಗುವಿನ ತಲೆಗೆ ಹೊಗೆಸೊಪ್ಪಿನ ನೀರು, ಉಣ್ಣೆ ಹತ್ತಿದ ಕರುವಿನ ಮೈಗೆ ಅದೇ ನೀರು, ಗಾಯಕ್ಕೆ ಹೊಗೆಸೊಪ್ಪಿನ ಪುಡಿ. ಕೆರೆದು ಗಾಯವಾದ ನೆತ್ತಿ ಬರಿಯ ಚರ್ಮಕ್ಕಿಂತ ಬೇಗ ಹೀರುತ್ತದೆ. ಕರು ತನ್ನ ಮೈ ತಾನೇ ನೆಕ್ಕುತ್ತದೆ.

ನಿನ್ನ ಬೆಂಗಳೂರಿನ ಗೆಳೆಯರು ಇದೇ ನಿಕೋಟಿನ್ ಸೇದುವ ವೇಪಿನ ವಿಚಾರ ಎರಡೇ ಮಾತು. ಕರ್ನಾಟಕ 2016ರಲ್ಲಿ, ಕೇಂದ್ರ ಸರ್ಕಾರ 2019ರಲ್ಲಿ ಇ-ಸಿಗರೇಟನ್ನು ನಿಷೇಧಿಸಿವೆ. ತಯಾರಿಸಿ ಮಾರಿದರೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಬೀಳಬಹುದು. ಕಾನೂನಿನ ಮಾತು ಬಿಡು. ನಿಕೋಟಿನ್ ದ್ರವದ ಬಾಟಲಿ ತರಿಸಿ ಕೋಣೆಯಲ್ಲಿ ತಾವೇ ಬೆರೆಸಿಕೊಳ್ಳುತ್ತಾರೆ ಅಂದೆಯಲ್ಲ, ಹಣ್ಣಿನ ವಾಸನೆಯ ಆ ಬಾಟಲಿ ನಿನ್ನ ಮನೆಯ ಹೊಸ್ತಿಲು ದಾಟಬಾರದು.

ಇಷ್ಟಾದರೂ ಎಲ್ಲೋ ಯಾರಿಗೋ ವಿಷ ತಾಗಿದರೆ ಏನು ಮಾಡಬೇಕು, ಇದನ್ನು ಸೊಸೆಗೂ ಓದಿ ಹೇಳು. ಮೈಮೇಲೆ ಚೆಲ್ಲಿದರೆ ಮೊದಲು ಬಟ್ಟೆ ಬಿಚ್ಚಿಸಿ, ನಾಚಿಕೆ ನೋಡಬೇಡಿ. ತೆಗೆಯುವವರು ಕೈಗೆ ಪ್ಲಾಸ್ಟಿಕ್ ಕವರನ್ನಾದರೂ ಹಾಕಿಕೊಳ್ಳಿ. ಬೋರಿನ ನೀರು ಬಿಟ್ಟು ಕಾಲು ಗಂಟೆಗೆ ಕಡಿಮೆಯಿಲ್ಲದೆ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೂ ಹಾಗೇ. ಹೊಟ್ಟೆಗೆ ಹೋಗಿದ್ದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ, ಮಜ್ಜಿಗೆ ನಿಂಬೆಹಣ್ಣು ಅಂತ ಹೊತ್ತು ಕಳೆಯಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರವಿದೆ, 1800 116 117, ಆಸ್ಪತ್ರೆಯವರಿಗೂ ಅದು ಉಪಯೋಗಕ್ಕೆ ಬರುತ್ತದೆ. ಜೊಲ್ಲು, ಬೆವರು, ವಾಂತಿ, ನಡುಕ ನೋಡಿದರೆ ಬೆಳೆಗೆ ಹೊಡೆಯುವ ಬೇರೆ ಔಷಧಿ ಕುಡಿದವರ ಹಾಗೇ ಕಾಣುತ್ತದೆ, ಡಾಕ್ಟರಿಗೆ ಗೊಂದಲವಾಗಬಾರದು. 'ಹೊಗೆಸೊಪ್ಪಿನ ಕಷಾಯ, ಇಂಥ ಹೊತ್ತಿಗೆ, ಇಷ್ಟು' ಅಂತ ನೇರವಾಗಿ ಹೇಳಿ, ಪೊಲೀಸು ಕೇಸು ಅಂತ ಮುಚ್ಚಿಡಬೇಡಿ. ನಿಕೋಟಿನ್ನಿಗೆ ಅಂತ ಬೇರೆ ಪ್ರತಿವಿಷ ಇಲ್ಲ. ಅದು ಕೊಲ್ಲುವುದು ಉಸಿರಿನ ಸ್ನಾಯುಗಳನ್ನು ಸೋಲಿಸಿ. ರಕ್ತದಲ್ಲಿರುವುದು ಎರಡು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತಾ ಬರುತ್ತದೆ. ಆ ಕೆಲವು ಗಂಟೆ ಯಂತ್ರದಿಂದಲಾದರೂ ಉಸಿರಾಡಿಸಿದರೆ ಬದುಕಿಕೊಳ್ಳುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸಿ, ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕಳಿಸಿದರೆ ತಡಮಾಡದೆ ಹೊರಡಿ.

ತಂದಿಟ್ಟಿರುವ ಹೊಗೆಸೊಪ್ಪಿನ ಕಟ್ಟನ್ನು ಅಂಗಡಿಯವನಿಗೇ ವಾಪಸು ಕೊಡು; ಅರ್ಧ ದುಡ್ಡು ಕೊಟ್ಟರೂ ಇಸಕೊಂಡು ಬಾ. ಆಗಲೇ ನೆನೆಹಾಕಿಬಿಟ್ಟಿದ್ದರೆ ನಾಲೆಗೆ ಚೆಲ್ಲಬೇಡ, ಮೀನು ಸಾಯುತ್ತವೆ, ಕೆಳಗಿನ ಊರಿನ ದನ ಅದೇ ನೀರು ಕುಡಿಯುತ್ತವೆ. ಬಾವಿ, ಬೋರು, ಹಿಪ್ಪುನೇರಳೆ ತಾಕಿನಿಂದ ದೂರದಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚು, ಕೈಗೆ ಗ್ಲೌಸ್ ಹಾಕಿಕೊಂಡು. ಬಿಳಿನೊಣಕ್ಕೆ ಹಳದಿ ಅಂಟು ಹಾಳೆ ಕಟ್ಟು, ಗಿಡದ ನೆತ್ತಿಗಿಂತ ಗೇಣು ಮೇಲೆ. ಎಲೆ ಮುದುಡುವ ಮುಟುರು ರೋಗ ಹತ್ತಿದ ಗಿಡ ಯಾವ ಕಷಾಯಕ್ಕೂ ಸರಿಹೋಗಲ್ಲ, ಕಿತ್ತು ಸುಡು. ಬೇವಿನೆಣ್ಣೆ ಹೊಡೆಯುವುದಾದರೆ ಗಾಳಿ ನಿಂತ ಹೊತ್ತು ನೋಡಿ, ಹಿಪ್ಪುನೇರಳೆ ಕಡೆಯ ಸಾಲು ಬಿಟ್ಟು ಹೊಡಿ, ಬೇವೂ ಹುಳಕ್ಕೆ ಆಗುವುದಿಲ್ಲ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಸೋಮವಾರ ಹೋಗೋಣ, ಬಿಳಿನೊಣ ಹತ್ತಿದ ಎಲೆ ನಾಲ್ಕು ಕವರಿನಲ್ಲಿ ಹಾಕಿಕೊಂಡು ಬಾ. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ನಿಂತಿರುತ್ತೇನೆ. ಬರುವಾಗ ಆ ಸೋರುವ ಪಂಪನ್ನೂ ತಾ, ವಾಷರ್ ಹಾಕಿಸೋಣ.